ದೇವರ ಗೂಡಿನ ಚೀಟಿ, ಅಕ್ಕಿ ಡಬ್ಬದ ಚೀಟಿ

ಅಮ್ಮನಿಗೆ ಎರಡು ಕಾಯಿಲೆಗಳಿದ್ದವು. ಒಂದು ಎಲ್ಲರಿಗೂ ಗೊತ್ತಿತ್ತು: ಚಿಕ್ಕಂದಿನಲ್ಲಿ ಬಂದ ಕೀಲುಜ್ವರದಿಂದ ಹೃದಯದ ವಾಲ್ವೊಂದು ಕಿರಿದಾಗಿತ್ತು. ಇನ್ನೊಂದು ಅಪ್ಪನಿಗೂ ನನಗೂ ಮಾತ್ರ ಗೊತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಬೋಗಾದಿಯ ಹೊಸ ಬಡಾವಣೆಗೆ ಬಂದ ವರ್ಷ ಅವಳು ಮಾತು ಬಿಟ್ಟಳು, ಊಟ ಬಿಟ್ಟಳು. ಮನೋವೈದ್ಯರು ಖಿನ್ನತೆ ಎಂದು ಮಾತ್ರೆ ಬರೆದುಕೊಟ್ಟರು. ಹೃದಯದ ವಿಷಯವನ್ನು ಅಪ್ಪ ಅವರಿಗೆ ಹೇಳಲೇ ಇಲ್ಲ, ಯಾರಾದರೂ ನೋಡುವ ಮೊದಲು ಅಲ್ಲಿಂದ ಹೊರಟರೆ ಸಾಕಾಗಿತ್ತು ಅಪ್ಪನಿಗೆ.

ಹೃದಯದ ಚೀಟಿ ದೇವರ ಗೂಡಿನಲ್ಲಿ ವಿಭೂತಿಯ ಪಕ್ಕ ಇರುತ್ತಿತ್ತು. ಮನಸ್ಸಿನ ಚೀಟಿ ಅಕ್ಕಿ ಡಬ್ಬದ ತಳ ಸೇರಿತು.

“ಎದೆ ಕಾಯ್ಲೆ ಅಂದ್ರೆ ಜನ ಮೂಸಂಬಿ ತರ್ತಾರೆ. ತಲೆ ಕಾಯ್ಲೆ ಅಂದ್ರೆ ಬಾಗ್ಲು ಹಾಕ್ಕೊಳ್ತಾರೆ ಕಣಮ್ಮ,” ಎಂದರು ಅಪ್ಪ. ಆಗ ನನಗೆ ಗಂಡು ನೋಡುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಿತ್ತು ನಮಗೆ. ಅಮ್ಮನಿಗೆಂದು ಜನ ತಂದ ಮೂಸಂಬಿ ಸುಲಿದು ತಿಂದವಳೂ ನಾನೇ. ನೆನೆದರೆ ಹೇಸಿಗೆಯಾಗುತ್ತದೆ.

ಮಾತ್ರೆ ಶುರುವಾಗಿ ಮೂರು ವಾರಕ್ಕೆ ಅಮ್ಮ ಮಾತಾಡಿದಳು, ಅನ್ನ ಕೇಳಿ ಬಡಿಸಿಕೊಂಡಳು. ಆದರೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ. ಹೃದಯದ ಡಾಕ್ಟರ ಬಳಿ ಮೂವರೂ ಹೋದೆವು. ಹೆದರಿಕೆಗೆ ನಾನು ಅಕ್ಕಿಯೊಳಗಿನ ಚೀಟಿಯನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡಿದ್ದೆ.

“ಬೇರೆ ಏನಾದ್ರೂ ಮಾತ್ರೆ ತಗೋತಿದ್ದಾರಾ?” ಎಂದು ಅವರು ಕೇಳಿದರು.

“ಏನೂ ಇಲ್ಲ ಸಾರ್,” ಎಂದರು ಅಪ್ಪ.

ಡಾಕ್ಟರು ನನ್ನತ್ತ ನೋಡಿದರು. “ಶಕ್ತಿ ಮಾತ್ರೆ ಅಷ್ಟೇ ಸಾರ್,” ಎಂದೆ. ಥೂ, ಎಂಥ ನಾಲಿಗೆ ನನ್ನದು.

ಅಮ್ಮ ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಹಾಳೆಯನ್ನು ಮೇಜಿನ ಮೇಲಿಟ್ಟಳು. “ಇದೂ ನನ್ನೊಳಕ್ಕೇ ಓಗೋದು ಡಾಕ್ಟ್ರೇ.”

ಅವರು ಹಾಳೆಯನ್ನು ತಿರುಗಿಸಿ ಓದಿದರು. ಈ ಜಾತಿಯ ಮಾತ್ರೆ ಕೆಲವರಿಗೆ ಎದೆಬಡಿತ ಜೋರು ಮಾಡುತ್ತದೆ, ಕಿರಿದಾದ ವಾಲ್ವಿನಲ್ಲಿ ರಕ್ತ ಇಳಿಯಲು ಹೊತ್ತು ಸಾಲದೆ ಉಸಿರು ಕಟ್ಟುತ್ತದೆ ಎಂದರು. ನೀವಾಗಿಯೇ ನಿಲ್ಲಿಸಬೇಡಿ ಎಂದು ಹೇಳಿ, ಮಾತ್ರೆ ಬದಲಿಸುವಂತೆ ಮನೋವೈದ್ಯರಿಗೆ ಕಾಗದ ಬರೆದುಕೊಟ್ಟರು.

ಹೊರಗೆ ಬಂದ ಕೂಡಲೇ ಅಪ್ಪ ಬೆಂಚಿನಲ್ಲಿ ಕಾಯುತ್ತಿದ್ದವರ ಮುಖಗಳನ್ನು ನೋಡಿದರು. “ಅದ್ಯಾಕೆ ತೋರಿಸ್ದೆ? ಯಾರಾದ್ರೂ ಕೇಳಿಸ್ಕೊಂಡಿದ್ರೆ?”

“ಉಸ್ರು ನಂದು ಕಣ್ರೀ,” ಎಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿದಳು. “ನಿಂಗಾದ್ರೂ ಆ ಚೀಟಿ ತರ್ಬೇಕು ಅನ್ನಿಸ್ಲಿಲ್ವ?”

“ಮರೆತೋಯ್ತಮ್ಮ,” ಎಂದೆ, ಬ್ಯಾಗನ್ನು ಎದೆಗೆ ಒತ್ತಿಕೊಂಡು.