ಸೀಟಿನ ಮೇಲೆ ಯಾರೂ ಇರಲಿಲ್ಲ

ಬೀದರಿನ ಮೈಲೂರಿನಿಂದ ಕೊಳಾರದ ಕಾರ್ಖಾನೆಗಳತ್ತ ಹೋಗುವ ರಸ್ತೆಯಲ್ಲಿ ಸೈಕಲ್ ದಾರಿಗಾಗಿ ಹೋರಾಡಿದವಳು ಎಂದು ಸಭೆಗಳಲ್ಲಿ ನನ್ನನ್ನು ಪರಿಚಯಿಸುತ್ತಾರೆ. ಆ ದಾರಿ ಆಗದಂತೆ ಮಾಡಿದವಳೂ ನಾನೇ. ಅದು ಅವರಿಗೆ ಗೊತ್ತಿಲ್ಲ.

ಬೀದರಿನ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಸಂಶೋಧನೆ ಮಾಡುತ್ತಿದ್ದೆ. ರಸ್ತೆಯ ಕ್ಯಾಮೆರಾ ಚಿತ್ರ ನೋಡಿ ಲಾರಿ ಎಷ್ಟು, ಸೈಕಲ್ ಎಷ್ಟು ಎಂದು ತಾನೇ ಎಣಿಸುವ ಪ್ರೋಗ್ರಾಂ. ಅದಕ್ಕೆ ಕಲಿಸಲು ರಾಶಿ ಚಿತ್ರಗಳನ್ನು ನಾನೇ ಒಂದೊಂದಾಗಿ ಆರಿಸಿದೆ. ಸೀಟಿನ ಮೇಲೆ ಯಾರೂ ಇಲ್ಲದ, ತಳ್ಳಿಕೊಂಡು ಹೋಗುವ ಸೈಕಲ್ ಬಂದಾಗಲೆಲ್ಲ ಅದು ತಡವರಿಸುತ್ತಿತ್ತು. ಅಂಥ ಚಿತ್ರಗಳನ್ನು ತೆಗೆದುಹಾಕಿದೆ. ಫಲಿತಾಂಶ ಚೊಕ್ಕಟವಾಯಿತು, ಡಾಕ್ಟರೇಟ್ ಬಂತು. ಹೈದರಾಬಾದಿನ ಕಂಪನಿಯೊಂದು ನನ್ನನ್ನೂ ಪ್ರೋಗ್ರಾಮನ್ನೂ ಒಟ್ಟಿಗೇ ಕೊಂಡಿತು.

ಕಂಪನಿ ಬಿಟ್ಟು ಬಂದದ್ದು ಬರದ ವರ್ಷ. ಬೇಸತ್ತು ಬಿಟ್ಟೆ ಎನ್ನುತ್ತೇನೆ. ಅವರೇ ಬಿಡಿಸಿದರು ಎಂದರೂ ಸುಳ್ಳಲ್ಲ. ಭಾಲ್ಕಿಯ ಮಿಶನ್ ಶಾಲೆಯಲ್ಲಿ ಮಾಸ್ತರರಾಗಿದ್ದ ಅಪ್ಪನ ಸೈಕಲ್ ತಂದು ಬೀದರಿನಲ್ಲಿ ಓಡಿಸತೊಡಗಿದೆ. ಔರಾದ ಕಡೆಯಿಂದ ಬಂದ ಕುಟುಂಬಗಳು ಮೈಲೂರಿನ ಅಂಚಿನಲ್ಲಿ ತಗಡಿನ ಶೆಡ್ಡು ಹಾಕಿದ್ದವು. ಅಲ್ಲಿಯ ಎಷ್ಟೋ ಹೆಂಗಸರಂತೆ ಒಬ್ಬಳು ದಿನಾ ಮುಂಜಾನೆ ಕೊಳಾರದ ನಲ್ಲಿಯಿಂದ ಸೈಕಲ್ಲಿಗೆ ಪ್ಲಾಸ್ಟಿಕ್ ಕೊಡ ಕಟ್ಟಿಕೊಂಡು ತಳ್ಳುತ್ತ ಬರುತ್ತಿದ್ದಳು. ನಾಲ್ಕು ಕೊಡ ಎಂದು ನೆನಪು. ಮೂರಿದ್ದರೂ ಇರಬಹುದು.

“ಹತ್ತಿ ಬರಬಾರ್ದೇನವ್ವಾ?”

“ಎಲ್ಲಿ ಕುಂದ್ರಲಿ ಅಕ್ಕೋರ? ನೀರ ಕುಂತದ, ನಾ ನಡೀತೇನಿ. ಸೈಕಲ್ ನಮ್ಮ ಮನಿಯವರದು. ಅವರು ಪುಣೆಕ ದುಡಿಲಾಕ ಹೋಗ್ಯಾರ, ಇದು ಇಲ್ಲಿ ನೀರ ಹೊರೂ ಎತ್ತಾಗ್ಯದ.”

ಒಂದು ದಿನ ಲಾರಿ ಅವಳನ್ನು ಸವರಿಕೊಂಡು ಹೋಯಿತು. ಕೊಡ ಒಡೆದವು, ಅವಳ ಮಣಿಕಟ್ಟು ಮುರಿಯಿತು. ಶೆಡ್ಡಿನವರ ಸಹಿ, ಹೆಬ್ಬೆಟ್ಟು ಹಾಕಿಸಿ ಲೋಕೋಪಯೋಗಿ ಇಲಾಖೆಗೆ ಅರ್ಜಿ ಒಯ್ದೆ. ಹೇಗೂ ರಸ್ತೆ ಅಗಲ ಮಾಡಲಿದ್ದೀರಿ, ಆಗಲೇ ಸೈಕಲ್ಲಿಗೆ ಬೇರೆ ದಾರಿ ಬಿಡಿ ಎಂದು.

ಅಧಿಕಾರಿ ಫೈಲು ತೆರೆದರು. “ಮೇಡಮ್, ಆ ರಸ್ತಾದಾಗ ಸೈಕಲ್ಲೇ ಇಲ್ಲಲ್ರಿ. ಮಷೀನ್ ಎಣಿಸ್ಯದ. ಅದಕ್ಕೇನ್ ನಿಮ್ಮ ಮ್ಯಾಲ ಸಿಟ್ಟದೇನ್ರಿ?”

ವರದಿಯ ಹಾಳೆ ತಿರುವಿದೆ. ನನ್ನದೇ ಪ್ರೋಗ್ರಾಂ. ತಳ್ಳಿಕೊಂಡು ಹೋಗುವ ಸೈಕಲ್ಲನ್ನು ಅದು ಸೈಕಲ್ಲೆಂದೇ ಎಣಿಸಿರಲಿಲ್ಲ.

“ಈ ಎಣಿಕಿ ತಪ್ಪದರಿ,” ಎಂದೆ.

“ಬರದು ಕೊಡ್ರಿ. ಯಾರು ಮಾಡಿದ್ರು, ಎಲ್ಲಿ ತಪ್ಯದ, ಎಲ್ಲಾ. ಒಂದು ವಾರ ಕೆಲಸ ತಡೀತೇನಿ. ಅದರ ಮ್ಯಾಲ ನನ್ನ ಕೈಯಾಗಿಲ್ಲ.”

ಬರೆದರೆ ನನ್ನ ಡಾಕ್ಟರೇಟಿನ ಚೊಕ್ಕಟ ಫಲಿತಾಂಶ ಹೇಗೆ ಬಂತೆಂದೂ ಬರೆಯಬೇಕಿತ್ತು. ಕಾಲೇಜು ಆಗಷ್ಟೇ ನನ್ನನ್ನು ಮತ್ತೆ ತೆಗೆದುಕೊಳ್ಳಲು ಒಪ್ಪಿತ್ತು.

ಎಣಿಕೆ ತಪ್ಪೆಂದು ಅಂದೇ ಬರೆದುಕೊಟ್ಟೆ ಎಂದು ಸಭೆಗಳಲ್ಲಿ ಹೇಳುತ್ತೇನೆ. ಹೇಳಿ ಹೇಳಿ, ಬರೆದ ಮೇಜಿನ ಮೇಲಿನ ಶಾಯಿ ಕಲೆಯೂ ನನಗೆ ಕಾಣುತ್ತದೆ. ಆದರೆ ಪತ್ರದ ನಕಲು ನನ್ನ ಹತ್ತಿರವೇ ಇದೆ. ಅದರ ಮೇಲೆ ಕಚೇರಿ ಒತ್ತಿದ ತಾರೀಖು ರಸ್ತೆಗೆ ಡಾಂಬರು ಬಿದ್ದ ನಂತರದ್ದು.

ಹೊಸ ರಸ್ತೆಯಲ್ಲಿ ಅವಳು ಸಿಕ್ಕಳು. ಒಂದು ಕೈ ಇನ್ನೂ ಸರಿಯಾಗಿರಲಿಲ್ಲ, ಎರಡೇ ಕೊಡ.

“ರಸ್ತಾ ಛಲೋ ಆಗ್ಯದ್ರಿ ಅಕ್ಕೋರ. ಲಾರಿ ಈಗ ಭಾಳ ಜೋರ ಬರ್ತಾವ.”

ಎಲ್ಲ ಹೇಳಿಬಿಟ್ಟೆ ಎಂದು ಇಲ್ಲಿ ಬರೆದುಬಿಡುವ ಆಸೆಯಾಗುತ್ತದೆ. ನಾನು ಹೇಳಿದ್ದು, “ಅಂಚಿಗಿ ನಡಿಯವ್ವಾ.”

ಡಾಂಬರು ಚರಂಡಿಯ ತನಕ ಬಂದಿತ್ತು.