ದುಗ್ಗಮ್ಮ ಕುದಿಸಿದ ನೀರು

ದುಗ್ಗಮ್ಮನಿಗೆ ಬಾಯಿ ಜೋರು, ಕರುಳು ಮೆದು. ಅರವತ್ತರ ದಶಕದ ಮೊದಲಲ್ಲಿ ಹೊಸನಗರದ ಹತ್ತಿರ ಹಳ್ಳಕ್ಕೆ ಸೇತುವೆ ಕಟ್ಟುವಾಗ ಆಳುಗಳಿಗೆ ನೀರು ಕೊಡುವ ಕೆಲಸ ಅವಳದು. ನಾನು ಗಾರೆ ಹೊರುವವಳು. ಅವಳಿಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ಇದ್ದವನು ಕಲ್ಲು ಕಟ್ಟುವ ಕೆರಿಯಪ್ಪ, ಒಬ್ಬನೇ ತಮ್ಮ. ತಾಯಿ ಸತ್ತ ಮೇಲೆ ಅವನನ್ನು ಸೊಂಟದಲ್ಲಿ ಹೊತ್ತು ಸಾಕಿದವಳು ಇವಳೇ.

ಆ ಬೇಸಗೆಯಲ್ಲಿ ವಾಂತಿಭೇದಿ ಬಂತು. ಹಳ್ಳದ ಮೇಲ್ಗಡೆ ಬಿಡಾರ ಹೂಡಿದ್ದ ಪರವೂರಿನ ಕೂಲಿಯವನೊಬ್ಬ ಸತ್ತ. ಬಿಡಾರದ ಹೊಲಸೆಲ್ಲ ಇಳಿಯುತ್ತಿದ್ದುದು ಅದೇ ಹಳ್ಳಕ್ಕೆ. ಓವರ್‌ಸಿಯರ್ ಮಹಾಗಣಪತಿಯವರು ಸೂಜಿ ಚುಚ್ಚುವವರನ್ನು ಕರೆಸಿದರೆ ನಮ್ಮ ಗಂಡಸರು ಕಾಡು ಸೇರಿದರು. ಪುಣ್ಯಾತ್ಮರು! ಹುಲಿಗೂ ಹೆದರದವರು ಸೂಜಿಗೆ ಹೆದರಿದರು. ಕೊನೆಗೆ ಓವರ್‌ಸಿಯರು ಹಂಡೆ, ಸೌದೆ ಕೊಡಿಸಿ, ಇನ್ನು ಮೇಲೆ ಕುದಿಸಿದ ನೀರೇ ಕುಡಿಯಬೇಕೆಂದು ಕಟ್ಟಪ್ಪಣೆ ಮಾಡಿದರು.

ಬಿಸಿನೀರು ಕುಡಿಯಲು ನಾವೇನು ಬಾಣಂತಿಯರಾ ಎಂದು ಗಂಡಸರು ಗೊಣಗಿದರು. ಸುಡುಬಿಸಿಲಲ್ಲಿ ಕಲ್ಲೆತ್ತಿ ಬಂದವರ ಗಂಟಲಿಗೆ ಅದು ಇಳಿಯುವುದಾದರೂ ಹೇಗೆ? ಕೆರಿಯಪ್ಪ ಒಂದು ಗುಟುಕು ಕುಡಿದು ಉಗಿದುಬಿಟ್ಟ. ದುಗ್ಗಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂದು ಕೇಳಿಕೊಂಡೇ ಬೆಳೆದವರು ನಾವು. ನೀರು ಹೇಗೂ ಕುದಿದಿದೆ, ಆರಿಸಲು ಒಂದು ಕೊಡ ಹಳ್ಳದ ನೀರು ಸುರಿದರೆ ತಪ್ಪೇನು ಎಂದುಕೊಂಡಳು. ದಿನಾ ಸುರಿದಳು. ಎಲ್ಲರೂ ಕುಡಿದು, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸಿದರು.

ಒಂದು ಬೆಳಿಗ್ಗೆ ಕೆರಿಯಪ್ಪ ವಾಂತಿಭೇದಿ ಹತ್ತಿ ಮಲಗಿದ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿಬಿದ್ದು, ಕೈಕಾಲು ಸೆಟೆದುಕೊಂಡವು. ಓವರ್‌ಸಿಯರ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದೆವು. ಏನು ಕುಡಿದಿದ್ದ ಎಂದು ಡಾಕ್ಟರು ಕೇಳಿದ್ದಕ್ಕೆ, ಕುದಿಸಿದ ನೀರೇ, ಹಳ್ಳದ ನೀರು ಬೆರೆಸಿ ಆರಿಸಿ ಕೊಡುತ್ತಿದ್ದೆ ಎಂದು ದುಗ್ಗಮ್ಮ ಹೆಮ್ಮೆಯಿಂದಲೇ ಹೇಳಿದಳು. ಅವರು ಹಣೆ ಒತ್ತಿಕೊಂಡು, ರೋಗ ಬಂದದ್ದೇ ಆ ಹಳ್ಳದ ನೀರಿನಿಂದ ಎಂದು ಬಿಡಿಸಿ ಹೇಳಿದರು.

ದುಗ್ಗಮ್ಮ ಬಾಯಿಮುಚ್ಚಿಕೊಂಡಿದ್ದರೆ ಕೆಲಸದ ಜಾಗದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳು ಮಾರನೆಯ ದಿನ ಬಂದು ಹಂಡೆಯ ಪಕ್ಕ ನಿಂತು ಎಲ್ಲರಿಗೂ ಹೇಳಿದಳು.

"ನಿಮ್ಗೆಲ್ಲ ನಾನೇ ಹಳ್ಳದ ನೀರು ಬೆರ್ಸಿ ಕೊಟ್ಟೆ. ನಂಗೆ ಎಷ್ಟು ಬೇಕಾದ್ರೂ ಬೈಯಿರಿ. ಆದ್ರೆ ಇನ್ಮೇಲೆ ಬಿಸಿಯಿದ್ರೂ ಅದನ್ನೇ ಕುಡೀರಿ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳ ಕೈನೀರು ಬೇಡವೆಂದು ಕದ್ದುಮುಚ್ಚಿ ಹಳ್ಳಕ್ಕೇ ಇಳಿದರು, ಬುದ್ಧಿಗೇಡಿಗಳು. ಓವರ್‌ಸಿಯರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಅವಳು ನಸುಕಿನಲ್ಲೇ ನೀರು ಕುದಿಸಿ, ಮುಚ್ಚಿಟ್ಟು ಆರಿಸುತ್ತಿದ್ದಳು. ನಾನೊಬ್ಬಳು ಕುಡಿಯುತ್ತಿದ್ದೆ, ಉಳಿದವರಿಗೂ ಹೇಳುತ್ತಿದ್ದೆ. ಗಾರೆ ಹೊರುವವಳ ಮಾತು ಯಾರು ಕೇಳಬೇಕು? ಸಂಜೆ ಅಷ್ಟೂ ನೀರನ್ನು ಅವಳು ಚೆಲ್ಲುವುದನ್ನು ನೋಡಿದರೆ ನನಗೆ ಅಳು ಬರುತ್ತಿತ್ತು. ಹೀಗೇ ಆದರೆ ಇನ್ನೊಬ್ಬ ಮಲಗುತ್ತಾನೆ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಕೆರಿಯಪ್ಪ ಬದುಕಿದ. ಮೈಯಲ್ಲಿ ಮಾಂಸವೇ ಉಳಿದಿರಲಿಲ್ಲ. ಕೆಲಸಕ್ಕೆ ಮರಳಿದ ದಿನ ಕರಣೆ ಮುಟ್ಟುವ ಮೊದಲು ನೇರ ಹಂಡೆಯ ಬಳಿ ಬಂದು ಬೊಗಸೆಯೊಡ್ಡಿದ. ಎಲ್ಲರೂ ಕೆಲಸ ಬಿಟ್ಟು ನೋಡುತ್ತಿದ್ದರು. ದುಗ್ಗಮ್ಮನಿಗೆ ಚೊಂಬು ಎತ್ತಲಾಗಲಿಲ್ಲ. ನನ್ನ ಕೈಯಿಂದ ಬೇಡ, ಬೇರೆ ಯಾರಾದರೂ ಕೊಡಲಿ ಎಂದಳು.

"ನಿನ್ ಕೈಯಿಂದ ಉಂಡು ಬೆಳ್ದವ ನಾನು. ಈಗ ಬ್ಯಾರೆಯವರ ಹತ್ರ ಕೇಳ್ಲಾ? ಹೊಯ್ಯಿ ಅಕ್ಕಾ."

ಅವಳು ಚೊಂಬೆತ್ತಿ ಹೊಯ್ದಳು. ನೀರು ಇನ್ನೂ ಬೆಚ್ಚಗಿತ್ತು. ಅವನು ನಿಧಾನವಾಗಿ, ಒಂದು ಹನಿ ಚೆಲ್ಲದೆ ಕುಡಿದ. ಅವನ ಹಿಂದೆ ಒಬ್ಬೊಬ್ಬರೇ ಬಂದು ನಿಂತರು. ಆದರೆ ಕೆರಿಯಪ್ಪ ಜಾಗ ಬಿಡಲಿಲ್ಲ. ಇನ್ನೂ ಸ್ವಲ್ಪ ಎಂದು ಅಕ್ಕನೆದುರು ಮತ್ತೆ ಬೊಗಸೆಯೊಡ್ಡಿದ.