ಕುಡಿಕೆಯೊಳಗಿನ ಇನ್ಸುಲಿನ್

ಸೇಡು ಕೆಟ್ಟದ್ದು ಎಂದು ಸರ್ವೀಸಿನುದ್ದಕ್ಕೂ ಮಕ್ಕಳಿಗೆ ಪಾಠ ಹೇಳಿದವನು ನಾನು. ಆ ಮಕ್ಕಳೆಲ್ಲರ ಕ್ಷಮೆ ಕೋರಿ ಇದನ್ನು ಬರೆಯುತ್ತಿದ್ದೇನೆ.

ಅದು ನಮ್ಮ ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆ, ಯಾವುದೆಂದು ಹೇಳುವುದಿಲ್ಲ. ಔಷಧಿ ಕೊಡುವ ಕಿಟಕಿಯ ಸಾಲಿನಲ್ಲಿ ನಾನು ನಿಂತಿದ್ದೆ. ನನ್ನ ಮುಂದೆ ಕುರಿ ಮೇಯಿಸುವ ಒಬ್ಬ ಹೆಂಗಸು, ನನ್ನ ಹಳೆಯ ವಿದ್ಯಾರ್ಥಿನಿ. ಇಬ್ಬರದೂ ಒಂದೇ ಸಕ್ಕರೆ ಕಾಯಿಲೆ, ಒಂದೇ ಇನ್ಸುಲಿನ್.

"ಮನೇಲಿ ಫ್ರಿಜ್ ಐತೇನಮ್ಮ?" ಎಂದರು ಕಿಟಕಿಯೊಳಗಿನ ಮಹಾಶಯರು.

"ಇಲ್ರೀ. ಮಡಿಕೇಲಿ ಮರಳು ಹಾಕಿ, ಅದ್ರಾಗೆ ಕುಡಿಕೆ ಇಟ್ಟು, ನೀರು ಚಿಮುಕಿಸ್ತೀನಿ. ತಣ್ಣಗಿರ್ತೈತೆ. ಸಿಸ್ಟರಮ್ಮನೇ ಹೇಳ್ಕೊಟ್ಟಿದ್ದು."

"ಇದೇನು ಮಜ್ಜಿಗೇನಾ ಕುಡಿಕೇಲಿಡಾಕೆ? ಇನ್ಮೇಲೆ ಫ್ರಿಜ್ ಇಲ್ದೋರಿಗೆ ಸೀಸೆ ಕೊಡಲ್ಲ. ದಿನಾ ಇಲ್ಲಿಗೇ ಬಂದು ಚುಚ್ಚಿಸ್ಕಂಡು ಹೋಗು."

ಚುಚ್ಚಿಕೊಳ್ಳಬೇಕಾದದ್ದು ದಿನಕ್ಕೆ ಎರಡು ಸಲ. ಅವಳ ಹಟ್ಟಿಗೆ ಬಸ್ಸು ಬರುವುದು ಒಂದೇ ಸಲ. ನನ್ನನ್ನೂ ಅದೇ ಪ್ರಶ್ನೆ ಕೇಳಿದರು. ಫ್ರಿಜ್ ಇದೆ ಎಂದೆ. ಎರಡು ಸೀಸೆ ಕೊಟ್ಟರು. ಅವನ್ನು ಜೇಬಿಗಿಳಿಸಿಕೊಂಡು ಮನೆಗೆ ಬಂದ ನನ್ನ ಮುಖವನ್ನು ಅಂದು ಯಾರೂ ನೋಡಬಾರದಿತ್ತು.

ತನ್ನ ಮನೆಯಲ್ಲಿ ಉಳಿದಿದ್ದ ಸೀಸೆಯಿಂದ ಅವಳು ಅರ್ಧರ್ಧ ಡೋಸ್ ಚುಚ್ಚಿಕೊಂಡು ದಿನ ದೂಡಿದಳು. ಎರಡನೇ ವಾರ ಪ್ರಜ್ಞೆ ತಪ್ಪಿ ಅದೇ ಆಸ್ಪತ್ರೆಗೆ ಬಂದಳು. ಡಾಕ್ಟರು ಉಳಿಸಿಕೊಂಡರು. ಬಿಡುಗಡೆಯ ದಿನ ಚೀಟಿ ಹಿಡಿದು ಹೋದರೆ, ಮಹಾಶಯರು ಫ್ರಿಜ್ಜಿನ ಫೋಟೋ ತಾ ಎಂದರು.

ಆಗ ನಾನು ಪಾಪ ಮಾಡಿದೆ. ಅವಳನ್ನು ನಮ್ಮ ಮನೆಯ ಫ್ರಿಜ್ಜಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದು ಕೊಟ್ಟು, ಜೊತೆಗೂ ಹೋದೆ. ಮಹಾಶಯರು ಫೋಟೋವನ್ನು ನ್ಯಾಯಾಧೀಶರಂತೆ ಪರಿಶೀಲಿಸಿ, "ಫ್ರಿಜ್ ಚೆನ್ನಾಗೈತೆ. ಯಾವಾಗ ತಗಂಡಿದ್ದಮ್ಮ?" ಎಂದರು.

"ನಂಗೇನು ಗೊತ್ರೀ, ಇದು ಮೇಷ್ಟ್ರದು" ಎಂದಳು ಪುಣ್ಯಾತ್ಗಿತ್ತಿ. ಸುಳ್ಳು ಹೇಳಬಾರದೆಂದು ಮೂರನೇ ಕ್ಲಾಸಿನಲ್ಲಿ ಅವಳಿಗೆ ಕಲಿಸಿದವನು ನಾನೇ.

ಸಾಲಿಗೆ ಸಾಲೇ ನಕ್ಕಿತು. "ಏನ್ ಮೇಷ್ಟ್ರೇ, ರಿಟೈರಾದ ಮ್ಯಾಲೆ ಇದನ್ನ ಕಲಿಸ್ತಿದೀರಾ?" ಎಂದರು ಮಹಾಶಯರು. ಸೀಸೆ ಕೊಡಲಿಲ್ಲ.

ನನ್ನ ಪಾಲಿನ ಒಂದು ಸೀಸೆಯನ್ನು ಅವಳ ಕೈಗಿಟ್ಟು ಕಳಿಸಿ, ಅಂದೇ ಯುದ್ಧ ಸಾರಿದೆ. ನನ್ನ ಆಯುಧ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ. ಕೇಳಿದ್ದು ಎರಡೇ: ಫ್ರಿಜ್ ಇಲ್ಲದವರಿಗೆ ಇನ್ಸುಲಿನ್ ಕೊಡಬಾರದೆಂಬ ಆದೇಶದ ನಕಲು, ಆಸ್ಪತ್ರೆಯ ಔಷಧಿ ಫ್ರಿಜ್ಜಿನ ಉಷ್ಣಾಂಶ ಬರೆದಿಡುವ ಪುಸ್ತಕದ ನಕಲು. "ಅಂತಹ ಯಾವುದೇ ಆದೇಶ ಲಭ್ಯವಿರುವುದಿಲ್ಲ" ಎಂದು ಉತ್ತರ ಬಂತು. ಪುಸ್ತಕದ ವಿಚಾರದಲ್ಲಿ ಮೌನ, ಅಂದರೆ ಪುಸ್ತಕವೇ ಇಲ್ಲ. ಆ ಮೌನವನ್ನು ಓದಿ ನನಗಾದ ಆನಂದ ಸಜ್ಜನರಿಗೆ ತಕ್ಕುದಲ್ಲ.

ನಂತರ ಹಟ್ಟಿ ಹಟ್ಟಿ ಸುತ್ತಿದೆ. ಯಲ್ಲದಕೆರೆ ಕಡೆಯವರು, ಹೊರಕೆರೆದೇವಪುರದ ಕಡೆಯವರು, ಇದೇ ಮಾತು ಕೇಳಿ ವಾಪಸಾದವರು ಒಬ್ಬಿಬ್ಬರಲ್ಲ. ಜಿಲ್ಲೆಯ ದೊಡ್ಡ ಅಧಿಕಾರಿ ಅಹವಾಲು ಕೇಳಲು ಆಸ್ಪತ್ರೆಗೇ ಬಂದ ದಿನ ಎಲ್ಲರೂ ತಂತಮ್ಮ ಮಡಕೆ ಹೊತ್ತು ಬಂದರು. ಅಧಿಕಾರಿ ಹೆಣ್ಣುಮಗಳು. ಒಂದು ಕುಡಿಕೆಯೊಳಗೆ ಕೈಯಿಟ್ಟು ನೋಡಿ, "ತಣ್ಣಗಿದೆಯಲ್ಲ" ಎಂದರು. "ಆಸ್ಪತ್ರೆಯ ಫ್ರಿಜ್ಜನ್ನೂ ತಾವು ಒಮ್ಮೆ ಮುಟ್ಟಿ ನೋಡಬೇಕೆಂದು ಸವಿನಯ ಪ್ರಾರ್ಥನೆ" ಎಂದೆ.

ತೆರೆಸಿದರು. ಇನ್ಸುಲಿನ್ ಸೀಸೆಗಳ ಮುಂದೆ ಒಂದು ಡಬ್ಬಿ ದೋಸೆ ಹಿಟ್ಟು, ಒಂದು ಪಾತ್ರೆ ಮೊಸರು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ಮೊಳ ಕಾಕಡಾ ಹೂ. ಮಹಾಶಯರು ಅದು ತಮ್ಮದಲ್ಲ ಎಂದರು. ಡಬ್ಬಿಯ ಮೇಲೆ ಅವರ ಹೆಸರಿತ್ತು.

ಮಡಕೆ ಇದ್ದವರಿಗೂ ಸೀಸೆ ಕೊಡಬೇಕೆಂದು ಅಲ್ಲೇ ಆದೇಶವಾಯಿತು. ಮಡಕೆಗೆ ಮರಳು ತುಂಬಿ ನೀರು ಚಿಮುಕಿಸುವುದನ್ನು ಹೊಸಬರಿಗೆ ಪ್ರತಿ ಸೋಮವಾರ ಮಹಾಶಯರೇ ಮಾಡಿ ತೋರಿಸಬೇಕು. ಈ ಎರಡನೆಯದನ್ನು ಸೂಚಿಸಿದ ನೀಚ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಮೊದಲ ಸೋಮವಾರ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತೆ. ಮಹಾಶಯರು ಮೊಣಕೈವರೆಗೆ ಒದ್ದೆ ಮರಳಾಗಿದ್ದರು.

ಎರಡು ಸೀಸೆ ಹಿಡಿದು ಹೊರಬಂದ ನನ್ನ ವಿದ್ಯಾರ್ಥಿನಿಯನ್ನು, "ಅವನ ಮುಖ ನೋಡಿದೆಯೇನಮ್ಮ?" ಎಂದು ಆಸೆಯಿಂದ ಕೇಳಿದೆ.

"ಇಲ್ಲ ಸಾ, ಸೀಸೆ ಮ್ಯಾಲಿನ ತಾರೀಖು ನೋಡ್ತಿದ್ದೆ" ಎಂದಳು.

ಅವಳ ಪಾಲಿನದನ್ನೂ ಸೇರಿಸಿ ಆ ಮುಖವನ್ನು ನಾನೇ ಇನ್ನೊಮ್ಮೆ ನೋಡಿಕೊಂಡು ಬಂದೆ.